ಮೈಕಕ್ಕನ ಕಾಲು ಸೆಕೆಂಡ್

ಪುರಭವನದ ಮೈಕಕ್ಕ ಹತ್ತೊಂಬತ್ತು ವರ್ಷದಿಂದ ಮೈಕಿನ ಕೆಲಸ ಮಾಡುತ್ತಿದ್ದರೂ ಒಂದು ದಿನವೂ ಮೈಕಿನ ಮುಂದೆ ‘ಹಲೋ’ ಅಂದವಳಲ್ಲ. ಮೈಕಿನವರು ಹೇಗೆ ಅಂತ ನಿಮಗೇ ಗೊತ್ತಲ್ಲ. ಹಲೋ, ಹಲೋ, ಚೆಕ್, ಒನ್, ಟೂ, ತ್ರೀ ಅಂತ ಸಭೆ ಶುರುವಾಗುವ ಮೊದಲೇ ಜನರ ಕಿವಿ ತೂತು ಮಾಡಿಬಿಡುತ್ತಾರೆ. ಇವಳದ್ದು ಬೇರೆ ದಾರಿ. ಬೀಗದ ಕೈ ಗೊಂಚಲನ್ನು ಮೈಕಿನ ಮುಂದೆ ಹಿಡಿದು ಎರಡು ಸಲ ಝಣ್ ಝಣ್ ಅನ್ನಿಸುತ್ತಿದ್ದಳು. ಆ ಸದ್ದು ಸ್ಪೀಕರಿನಿಂದ ಚುರುಕಾಗಿ ಬಂದರೆ ಎಲ್ಲ ಸರಿ ಇದೆ, ಮಂಕಾಗಿ ಬಂದರೆ ಎಲ್ಲೋ ವೈರು ಕೈಕೊಟ್ಟಿದೆ. ಅಷ್ಟೇ ಅವಳ ಪರೀಕ್ಷೆ.

ನೋಡಿದವರೆಲ್ಲ ಇದೊಂದು ಸ್ಟೈಲು ಅಂದುಕೊಂಡಿದ್ದರು. ಸ್ಟೈಲೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅವಳಿಗೆ ಉಗ್ಗು. ಮಾತು ಗಂಟಲವರೆಗೆ ಬಂದು, ಆಚೆಯಿಂದ ಯಾರೋ ಚಿಲಕ ಹಾಕಿದಂತೆ ಅಲ್ಲೇ ನಿಂತುಬಿಡುತ್ತಿತ್ತು. ಅದಾದರೂ ಸಹಿಸಬಹುದು. ಎದುರಿಗಿದ್ದ ಪುಣ್ಯಾತ್ಮರು ಅವಳ ಮಾತನ್ನು ತಾವೇ ಮುಗಿಸಿಕೊಡುತ್ತಿದ್ದರಲ್ಲ, ಅದನ್ನು ಸಹಿಸುವುದು ಹೇಗೆ? ಅಂಗಡಿಗೆ ಹೋಗಿ ‘ಸ್... ಸ್...’ ಅಂದರೆ ಸಾಕು, ‘ಸಕ್ಕರೆನಾ? ಸಾಬೂನಾ? ಸೂಜಿನಾ?’ ಅಂತ ಅಂಗಡಿಯವನು ಇಡೀ ಕಪಾಟನ್ನೇ ಓದಿಬಿಡುತ್ತಿದ್ದ. ಅವಳಿಗೆ ಬೇಕಾಗಿದ್ದದ್ದು ಮೈಕಿಗೆ ಹಾಕುವ ಸೆಲ್. ಕೊನೆಗೆ ಸಾಕಾಗಿ ಸಾಬೂನಿಗೆ ತಲೆಯಾಡಿಸಿ ತಗೊಂಡು ಬರುತ್ತಿದ್ದಳು. ಅವಳ ಮನೆಯಲ್ಲಿ ಸಾಬೂನಿಗೆ ಮಾತ್ರ ಯಾವತ್ತೂ ಕೊರತೆಯಾಗಲಿಲ್ಲ.

ಹಾಗಂತ ಅವಳು ಹುಟ್ಟುಮೌನಿ ಅಲ್ಲ. ಚಿಕ್ಕವಳಿದ್ದಾಗ ಉಗ್ಗುತ್ತಲೇ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದ ವಾಚಾಳಿ. ಆ ಬಾಯಿ ಮುಚ್ಚಿಸಿದವನು ಒಬ್ಬ ಮನುಷ್ಯ. ಅವನ ಕಥೆ ಹೇಳದಿದ್ದರೆ ಇವಳ ಕಥೆ ಅರ್ಥವಾಗುವುದಿಲ್ಲ, ಹೇಳಿಬಿಡುತ್ತೇನೆ.

ಅವಳಿಗಾಗ ಹದಿಮೂರು ವರ್ಷ. ಶಾಲೆಯಲ್ಲಿ ಒಬ್ಬ ಮೇಷ್ಟ್ರು ಇದ್ದರು. ಬಾಯಿ ತೆಗೆದರೆ ಅರಳು ಹುರಿದ ಹಾಗೆ ಮಾತು. ಎಲ್ಲರೂ ಅವರನ್ನು ಭಾಷಣದ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಶಾಲೆಯ ವಾರ್ಷಿಕೋತ್ಸವಕ್ಕೆ ವಂದನಾರ್ಪಣೆ ಮಾಡಲು ಇವಳನ್ನೇ ಆರಿಸಿದರು. ‘ಬೇ... ಬೇಡ ಸರ್’ ಅಂದಳು. ‘ಹೆದರಿಕೆ ಬಿಡ್ಬೇಕು, ಮಾತಾಡ್ತಾ ಮಾತಾಡ್ತಾ ಸರಿಹೋಗತ್ತೆ’ ಅಂದರು. ಸರಿ, ಒಪ್ಪಿದಳು.

ಅವಳ ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಆ ವರ್ಷ ಶಾಲೆಯ ವೇದಿಕೆಗೆ ದೊಡ್ಡ ಕೆಂಪು ಪರದೆ ಹೊಲಿದುಕೊಟ್ಟವಳೂ ಅವಳೇ. ಅಮ್ಮ ಯಂತ್ರ ತುಳಿಯುತ್ತಿದ್ದರೆ ಮಗಳು ಪಕ್ಕದಲ್ಲಿ ನಿಂತು ಭಾಷಣ ಒಪ್ಪಿಸುತ್ತಿದ್ದಳು. ಆ ಟಕಟಕ ಸದ್ದಿನಲ್ಲಿ ಅದೇನು ಮಾಯವೋ, ಮಾತು ಅಷ್ಟಾಗಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಹದಿನೆಂಟು ದಿನ ಹೀಗೇ ಅಭ್ಯಾಸ. ಭಾಷಣದ ಕೊನೆಯ ಸಾಲನ್ನು ಮಾತ್ರ ಜೋರಾಗಿ ಹೇಳಲಿಲ್ಲ, ಮನಸ್ಸಿನಲ್ಲೇ ಇಟ್ಟುಕೊಂಡಳು. ಅದು ಅಮ್ಮನಿಗೆ ಅವತ್ತೇ ಗೊತ್ತಾಗಬೇಕಿತ್ತು. ‘ಈ ಪರದೆ ಹೊಲಿದುಕೊಟ್ಟ ನನ್ನ ಅಮ್ಮನಿಗೂ ವಂದನೆಗಳು’ ಅನ್ನುವ ಸಾಲು.

ಆ ದಿನ ಬಂತು. ಅಮ್ಮ ಕೆಲಸ ಬಿಟ್ಟು ಬಂದು ಮೂರನೇ ಸಾಲಿನಲ್ಲಿ ಕೂತಿದ್ದಳು. ಇವಳು ಮೈಕಿನ ಮುಂದೆ ನಿಂತಳು. ‘ಸಭೆಯಲ್ಲಿ ನೆರೆದಿರುವ’ ಅಂತ ಶುರುವಾಗಬೇಕು. ‘ಸ್...’ ಅಂದಳು. ನಿಂತಿತು. ‘ಸ್...’ ಅಂದಳು. ಮತ್ತೆ ನಿಂತಿತು. ಮೂರನೇ ಸಲ ‘ಸ್...’ ಅನ್ನುವಷ್ಟರಲ್ಲಿ ಮೇಷ್ಟ್ರು ಎದ್ದು ಬಂದು ಅವಳ ಕೈಯಿಂದ ಮೈಕು ಕಿತ್ತುಕೊಂಡರು.

‘ಮೂರು ವಿಸಿಲ್ ಆಯ್ತು, ಯಾರಾದ್ರೂ ಒಲೆ ಆರಿಸ್ರಪ್ಪಾ!’

ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರಿಗೆ ಹುರುಪು ಏರಿತು. ಅವಳು ನಿಂತ ಹಾಗೆ ನಿಂತು, ಅವಳು ಕತ್ತು ಎಳೆದ ಹಾಗೆ ಎಳೆದು, ‘ಸ್... ಸ್... ಸ್...’ ಅಂತ ಮೈಕಿನಲ್ಲೇ ಅಣಕಿಸಿದರು. ಆಮೇಲೆ ಅವಳ ಬೆನ್ನು ತಟ್ಟಿ, ‘ಕೂತ್ಕೋಮ್ಮ. ಇದು ನಿನ್ನಿಂದ ಆಗೋ ಕೆಲಸ ಅಲ್ಲ’ ಅಂದರು. ಅಷ್ಟೂ ಸ್ಪೀಕರಿನಲ್ಲಿ.

ಇಳಿದು ಬರುವಾಗ ಅವಳು ಮೂರನೇ ಸಾಲು ನೋಡಿದಳು. ಅಮ್ಮನೂ ನಗುತ್ತಿದ್ದಳು. ಪಾಪ, ಎಲ್ಲರೂ ನಗುತ್ತಿದ್ದಾರೆ, ಇದು ಕಾರ್ಯಕ್ರಮದ ತಮಾಷೆಯೇ ಇರಬೇಕು ಅಂದುಕೊಂಡು ನಕ್ಕಿದ್ದಳು. ಮಗಳ ಮುಖ ಕಂಡ ಮೇಲೆ ನಗು ಹಾಗೇ ನಿಂತಿತು. ಆದರೆ ನಕ್ಕದ್ದು ನಕ್ಕದ್ದೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಅಲ್ಲಿ ಇಲಿಯನ್ನು ಹೆತ್ತವಳೂ ನಕ್ಕುಬಿಟ್ಟಿದ್ದಳು.

ಮರುದಿನದಿಂದ ಅವಳ ಹೆಸರು ‘ಕುಕ್ಕರ್’. ಶಾಲೆಯಲ್ಲಿ ಕುಕ್ಕರ್, ಬೀದಿಯಲ್ಲಿ ಕುಕ್ಕರ್, ನೀರಿನ ನಲ್ಲಿಯ ಹತ್ತಿರವೂ ಕುಕ್ಕರ್. ತೀರಾ ಗತಿಯಿಲ್ಲದಿದ್ದಾಗ ಬಿಟ್ಟರೆ ಅವಳು ಮಾತು ನಿಲ್ಲಿಸಿದಳು. ಅಂಗಡಿ, ಆಸ್ಪತ್ರೆ, ಫೋನು ಹೆಚ್ಚಿನದಕ್ಕೆಲ್ಲ ಅಮ್ಮನೇ ಬಾಯಿ. ಅಮ್ಮ ಆ ದಿನದ ವಿಷಯ ಎತ್ತುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಸಲ, ಬಟ್ಟೆ ಮಡಿಸುವಾಗಲೋ ಸೊಪ್ಪು ಬಿಡಿಸುವಾಗಲೋ.

‘ಅವತ್ತು ನಾನೂ ನಕ್ಕುಬಿಟ್ಟೆ ಅಲ್ವೇನೇ.’

ಮಗಳು ಕೈ ಬೀಸಿ ಬಿಡು ಅನ್ನುತ್ತಿದ್ದಳು. ಬಿಟ್ಟಿರಲಿಲ್ಲ. ಅಮ್ಮನ ಮೇಲಿನ ಸಿಟ್ಟನ್ನು ಎಂದೋ ಬಿಟ್ಟಿದ್ದಳು, ಮೇಷ್ಟ್ರದ್ದನ್ನು ಹಾಗೇ ಎತ್ತಿಟ್ಟಿದ್ದಳು. ಮಾತು ಬೇಡದ ಕೆಲಸ ಯಾವುದು ಅಂತ ಹುಡುಕಿ ರೇಡಿಯೋ ರಿಪೇರಿ ಕಲಿತಳು, ಆಮೇಲೆ ಪುರಭವನದಲ್ಲಿ ಮೈಕಿನ ಕೆಲಸಕ್ಕೆ ಸೇರಿದಳು. ವಿಚಿತ್ರ ನೋಡಿ, ಊರಿನವರ ಮಾತನ್ನೆಲ್ಲ ದೊಡ್ಡದು ಮಾಡಿಕೊಡುವವಳಿಗೆ ತನ್ನ ಮಾತೇ ಇಲ್ಲ. ಮೇಷ್ಟ್ರು ಈ ನಡುವೆ ಬೇರೆ ಊರಿಗೆ ಹೋಗಿ, ನಗಿಸುವ ಭಾಷಣಕ್ಕೆ ಹೆಸರಾಗಿ, ನಾಲಿಗೆಯಿಂದಲೇ ದೊಡ್ಡ ಮನುಷ್ಯರಾಗಿದ್ದರು.

ಹೀಗಿರುವಾಗ ಒಂದು ದಿನ ಪುರಭವನದ ಮಿಕ್ಸರ್ ಸುಟ್ಟುಹೋಯಿತು. ಮೈಕುಗಳ ದನಿ ಎಲ್ಲ ಬಂದು ಸೇರುವ ಪೆಟ್ಟಿಗೆ ಅದು, ಅದಿಲ್ಲದಿದ್ದರೆ ಮೈಕು ಬರೀ ಕೋಲು. ಮ್ಯಾನೇಜರ್ ಬಂದು ನೋಡಿ ತಲೆ ಕೆರೆದುಕೊಂಡ.

‘ಹೊಸದು ಬರೋಕೆ ಎರಡು ತಿಂಗಳಂತೆ ಅಕ್ಕಾ. ಅಲ್ಲಿವರೆಗೆ ಏನಾದ್ರೂ ಮಾಡಿ ಓಡ್ಸು.’

ಅವಳು ಆಫೀಸಿನ ಹಳೇ ಲ್ಯಾಪ್‌ಟಾಪ್ ತಂದಳು. ಒಂದು ಪುಟ್ಟ ಸೌಂಡ್ ಕಾರ್ಡಿಗೆ ಮೈಕು ಸಿಕ್ಕಿಸಿ, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಅಲ್ಲಿಂದ ಸ್ಪೀಕರುಗಳಿಗೆ ವೈರು ಎಳೆದಳು. ಮೈಕಿನ ಸದ್ದನ್ನು ಹಾಗೇ ಹೊರಗೆ ಕೇಳಿಸು ಅನ್ನುವ ಚೌಕಕ್ಕೆ ಟಿಕ್ ಹಾಕಿದಳು. ಇನ್ನು ಪರೀಕ್ಷೆ ಮಾಡಬೇಕು. ಸೊಂಟ ತಡಕಿದರೆ ಕೀಲಿ ಗೊಂಚಲು ಇಲ್ಲ, ಮಹಡಿ ಗುಡಿಸುವವಳು ಇಸಿದುಕೊಂಡು ಹೋಗಿದ್ದಳು. ಮಧ್ಯಾಹ್ನದ ಹೊತ್ತು, ನಾನ್ನೂರು ಖಾಲಿ ಕುರ್ಚಿ, ಒಂದು ನರಪಿಳ್ಳೆಯೂ ಇಲ್ಲ. ಯಾರು ಕೇಳುತ್ತಾರೆ ಅಂತ ಮೈಕು ಬಾಯಿಗೆ ಹಿಡಿದು, ಎದುರು ಗೋಡೆಯ ಮೇಲಿದ್ದ ಸೂಚನೆಯನ್ನೇ ಓದಿದಳು.

‘ಬೆಂಕಿ ಕಂಡಾಗ ಓಡಬೇಡಿ, ತಳ್ಳಬೇಡಿ, ಸಾಲಾಗಿ ಎಡಬಾಗಿಲಿನಿಂದ ಹೊರಗೆ ಹೋಗಿ.’

ಅವಳ ಕೈಯಿಂದ ಮೈಕು ಬೀಳುವುದೊಂದು ಬಾಕಿ. ಒಂದು ಅಕ್ಷರವೂ ಸಿಕ್ಕಿಕೊಂಡಿರಲಿಲ್ಲ! ಮತ್ತೆ ಓದಿದಳು. ಸಲೀಸು. ಸ್ಪೀಕರಿನಿಂದ ಅವಳ ದನಿ ಒಂದು ಚೂರು ತಡವಾಗಿ ಬರುತ್ತಿತ್ತು. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಹೋಗಿ ಬರುವಷ್ಟರಲ್ಲಿ ಸದ್ದು ಸ್ವಲ್ಪ ಹಿಂದೆ ಬೀಳುತ್ತದೆ. ಯಾರೋ ಜೊತೆಗಾರ್ತಿ ಹಿಂದಿನಿಂದ ಅದೇ ಮಾತು ಹೇಳಿಕೊಂಡು ಬರುತ್ತಿದ್ದಂತಿತ್ತು, ಅಮ್ಮನ ಯಂತ್ರದ ಟಕಟಕದ ಹಾಗೆ. ಹನ್ನೊಂದು ಸಲ ಓದಿದಳು. ಹನ್ನೆರಡನೆಯದಕ್ಕೆ ಅಳು ಬಂತು. ಮೈಕು ಕೆಳಗಿಟ್ಟು ‘ಸಾಕು’ ಅನ್ನಲು ಹೋದರೆ ಮತ್ತೆ ಅದೇ ಚಿಲಕ.

ಅದೇ ಹೊತ್ತಿಗೆ ಮ್ಯಾನೇಜರ್ ಬಂದು ಮೈಕು ಎತ್ತಿಕೊಂಡ. ‘ಹಲೋ, ನಾಳೆ ಹತ್ತು ಗಂ... ಗಂಟೆಗೆ... ಮೀ... ಮೀಟಿಂಗ್... ಥೂ, ಇದೇನಕ್ಕಾ! ನನ್ನ ಮಾತು ನನಗೇ ತಡವಾಗಿ ಕೇಳಿ ನಾಲಿಗೆ ತೊಡರಿಕೊಳ್ತಿದೆ. ಸರಿಮಾಡು ಮಾರಾಯ್ತಿ.’

ಮೈಕಕ್ಕ ಅವನ ಬಾಯನ್ನೇ ನೋಡುತ್ತಾ ನಿಂತಳು. ತನ್ನ ನಾಲಿಗೆ ಬಿಚ್ಚುವುದು ಯಾವುದೋ, ಮಾತುಗಾರರ ನಾಲಿಗೆ ಕಟ್ಟುವುದೂ ಅದೇ. ಅವಳಿಗೆ ತಕ್ಷಣ ನೆನಪಾದದ್ದು ಒಂದೇ ಮುಖ.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅನ್ನುತ್ತಾರಲ್ಲ, ಹಾಗೇ ಆಯಿತು. ವಾರದೊಳಗೆ ಪುರಭವನದ ಬಾಗಿಲಿಗೆ ಪೋಸ್ಟರ್ ಬಿತ್ತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಭಾಷಣದ ಮೇಷ್ಟ್ರಿಗೆ ಸನ್ಮಾನ ಮಾಡುವವರಿದ್ದರು. ಬರುವ ತಿಂಗಳ ಎರಡನೇ ಭಾನುವಾರ, ಸಂಜೆ ನಾಲ್ಕಕ್ಕೆ. ಅಂದರೆ ಅವತ್ತು ನಕ್ಕವರೇ ಬರುತ್ತಾರೆ. ಅವಳು ಪೋಸ್ಟರಿನ ಮುಂದೆ ನಿಂತು ಮೇಷ್ಟ್ರ ಫೋಟೋಗೆ ಮನಸ್ಸಿನಲ್ಲೇ, ಬನ್ನಿ ಸರ್, ಬನ್ನಿ, ಉಪ್ಪು ತಿಂದವರು ನೀರು ಕುಡಿಯಲೇಬೇಕು, ಅಂದಳು. ಮನಸ್ಸಿನೊಳಗೆ ಅವಳು ಯಾವತ್ತೂ ಉಗ್ಗುತ್ತಿರಲಿಲ್ಲ.

ಆಮೇಲೆ ಅವಳು ಮಾಡಿದ ಕೆಲಸ ಕೇಳಿದರೆ ನೀವು ಇವಳೇನು ಹೆಂಗಸೋ ಏನೋ ಅಂತೀರಿ. ಅನ್ನಿ, ಅವಳಿಗೇನೂ ಬೇಜಾರಿಲ್ಲ. ಲ್ಯಾಪ್‌ಟಾಪಿನಲ್ಲಿ ಹಾಡು ರೆಕಾರ್ಡ್ ಮಾಡುವ ಒಂದು ಪ್ರೋಗ್ರಾಂ ಇತ್ತು, ಅದರಲ್ಲಿ ದನಿಯನ್ನು ಬೇಕಾದಷ್ಟು ತಡ ಮಾಡುವ ಒಂದು ಗುಂಡಿ. ಸಭೆಯ ಸ್ಪೀಕರುಗಳಿಗೆ ತಡವಿಲ್ಲದ ಹಾಗೆ ಸರಿಮಾಡಿಕೊಂಡಳು. ವೇದಿಕೆಯ ಮೇಲೆ ಭಾಷಣಕಾರರ ಕಾಲಬುಡದಲ್ಲಿ, ಅವರ ದನಿ ಅವರಿಗೇ ಕೇಳಲಿ ಅಂತ ಒಂದು ಪುಟ್ಟ ಸ್ಪೀಕರ್ ಇರುತ್ತದೆ. ತಡವೆಲ್ಲ ಅದೊಂದಕ್ಕೆ. ಅಡುಗೆಯವರು ಉಪ್ಪು ನೋಡುವ ಹಾಗೆ ಬಂದುಹೋದ ಭಾಷಣಕಾರರ ಮೇಲೆಲ್ಲ ಅರ್ಧರ್ಧ ನಿಮಿಷ ಪ್ರಯೋಗ ಮಾಡಿ ನೋಡಿದಳು. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಯಾರೂ ಜಗ್ಗಲಿಲ್ಲ. ಐದನೇ ಒಂದಕ್ಕೆ ನಿವೃತ್ತ ತಹಸೀಲ್ದಾರರೊಬ್ಬರು ತಡವರಿಸಿ ನೀರು ಕುಡಿದರು. ಕಾಲು ಸೆಕೆಂಡಿಗೆ ವಕೀಲರೊಬ್ಬರ ನಾಲಿಗೆ ಪೂರ್ತಿ ಗಂಟಾಯಿತು. ಅವಳು ಚೀಟಿಯಲ್ಲಿ ‘ಕಾಲು’ ಅಂತ ಬರೆದು ಲ್ಯಾಪ್‌ಟಾಪಿನ ಕೆಳಗೆ ಅಂಟಿಸಿದಳು.

ಭಾನುವಾರ ಅಮ್ಮನೂ ಹೊರಟು ನಿಂತಳು. ಎಪ್ಪತ್ತು ದಾಟಿದ ಮುದುಕಿ, ಮಂಡಿನೋವು ಬೇರೆ.

‘ನಾನೂ ಬರ್ತೀನಿ ಕಣೇ. ಆ ಮುಖ ಒಂದ್ಸಲ ನೋಡ್ಬೇಕು ನಂಗೆ.’

ಮಗಳು ಕರೆದುಕೊಂಡು ಹೋಗಿ ಮೂರನೇ ಸಾಲಿನಲ್ಲೇ ಕೂರಿಸಿದಳು.

ಮೂರೂವರೆಗೆ ಮೇಷ್ಟ್ರು ಬಂದರು. ಮೈಕಕ್ಕ ಕಾದಿದ್ದದ್ದು ನೆಟ್ಟಗೆ ನಿಂತು ಗುಡುಗುವ ಗಂಡಸಿಗೆ, ಬಂದದ್ದು ಕೋಲು ಹಿಡಿದು ತೂರಾಡುವ ಮುದುಕ. ಸೀದಾ ಅವಳ ಮೇಜಿನ ಹತ್ತಿರವೇ ಬಂದರು. ಗುರುತು ಹಿಡಿಯಲಿಲ್ಲ.

‘ಮೈಕ್ ನೋಡ್ಕೊಳ್ಳೋಳು ನೀನೇನಮ್ಮಾ? ಕಿವಿ ಮಂದ ಆಗಿದೆ ನಂಗೆ. ನನ್ನ ದನಿ ನಂಗೆ ಜೋರಾಗಿ ಕೇಳೋ ಹಾಗೆ ಮಾಡ್ತೀಯಾ? ಒಂದು ಲೋಟ ನೀರು ಕೊಡಮ್ಮ.’

ಕೊಟ್ಟಳು. ಕುಡಿಯುವಾಗ ಅವರ ಕೈ ನಡುಗಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಹಾಳಾದ್ದು, ಸೇಡು ಅನ್ನುವುದು ಹೀಗೇ. ದೂರದಲ್ಲಿದ್ದಾಗ ಬೆಟ್ಟದಷ್ಟಿರುತ್ತದೆ, ಹತ್ತಿರ ಬಂದು ನೀರು ಕೇಳಿದರೆ ಕುಗ್ಗಿಹೋಗುತ್ತದೆ. ಮೇಷ್ಟ್ರು ಆಚೆ ಹೋದ ಮೇಲೆ ಅವಳು ಗುಂಡಿಯನ್ನು ಸೊನ್ನೆಗೆ ತಂದು ಇಟ್ಟಳು. ಬೇಡ. ಇವತ್ತೋ ನಾಳೆಯೋ ಅನ್ನುವ ಮುದುಕನ ಮೇಲೆ ಏನು ಸೇಡು, ಹೋಗಲಿ ಅತ್ಲಾಗೆ ಅಂದುಕೊಂಡಳು. ಅಲ್ಲಿಗೇ ಮುಗಿದುಹೋಗುತ್ತಿತ್ತು ಈ ಕಥೆ.

ಹೂಗುಚ್ಛ ಆಯಿತು, ಫಲಕ ಆಯಿತು, ಹೊಗಳಿಕೆ ಆಯಿತು. ಮೇಷ್ಟ್ರು ಮಾತಿಗೆ ನಿಂತರು. ಕೋಲು ಬಿಟ್ಟು ಮೈಕು ಹಿಡಿದದ್ದೇ ತಡ, ಮುದುಕ ಮಾಯ! ಅದೇ ಹಳೇ ಗಂಟಲು, ಅದೇ ಅರಳು ಹುರಿಯುವ ಮಾತು. ಜನ ಮೊದಲ ನಿಮಿಷಕ್ಕೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈಕಕ್ಕನಿಗೂ ಒಂದು ಕಡೆ ನಗು ಬಂತು, ನಾಚಿಕೆಯಿಲ್ಲದೆ ನಕ್ಕಳು ಕೂಡ.

ಆಗ ಮೇಷ್ಟ್ರು ಹೇಳಿದರು, ‘ನಿಮ್ಮಲ್ಲೊಬ್ಬಳು ಹುಡುಗಿ ಇದ್ದಳು. ಹೆಸರು ಮರೆತುಹೋಗಿದೆ. ಕುಕ್ಕರ್ ಅಂತಿದ್ವಿ, ನೆನಪಿದೆಯಾ?’

ಸಭೆ ಹೋ ಅಂದಿತು. ನೆನಪಿಲ್ಲದೆ ಏನು, ಎಲ್ಲರಿಗೂ ಬಾಯಿಪಾಠವಾಗಿತ್ತು. ಮೈಕಕ್ಕ ಮೂರನೇ ಸಾಲು ನೋಡಿದಳು. ಅಮ್ಮ ತಲೆ ತಗ್ಗಿಸಿ ತನ್ನ ಕೈಯನ್ನೇ ನೋಡುತ್ತಿದ್ದಳು.

‘ಅವಳು ಮೈಕ್ ಮುಂದೆ ನಿಂತಳಪ್ಪಾ. ಹೇಗೆ ಗೊತ್ತಾ?’ ಮೇಷ್ಟ್ರು ಕತ್ತು ಎಳೆದರು, ಕಣ್ಣು ಮೇಲೆ ಮಾಡಿದರು. ‘ಸ್... ಸ್...’

ಮೈಕಕ್ಕ ಗುಂಡಿಯನ್ನು ಕಾಲು ಸೆಕೆಂಡಿಗೆ ಎಳೆದಳು. ಅವರೇ ಕೇಳಿದ್ದರಲ್ಲ ಜೋರಾಗಿ ಕೇಳಬೇಕು ಅಂತ, ಕಾಲಬುಡದ ಸ್ಪೀಕರನ್ನೂ ಪೂರ್ತಿ ಏರಿಸಿದಳು.

‘ಸ್... ಸಭೆ ಅನ್ನೋಕೆ... ಅನ್ನೋಕೇಏ... ಅವ... ಅವಳು...’

ಜನ ನಕ್ಕರು. ಮೇಷ್ಟ್ರು ಒಂದು ಕ್ಷಣ ನಿಂತು ತಲೆ ಕೊಡವಿದರು. ‘ನಾ... ನಾನು ಎದ್ದು... ಎದ್... ಎದ್ದು ಹೋ...’

ಇನ್ನೂ ಜೋರಾಗಿ ನಕ್ಕರು. ಅವರ ಲೆಕ್ಕದಲ್ಲಿ ಮೇಷ್ಟ್ರು ಇನ್ನೂ ಅಣಕಿಸುತ್ತಲೇ ಇದ್ದರು. ವೇಷ ಹಾಕಿಕೊಂಡವರಿಗೆ ವೇಷ ಕಳಚಲು ಬರುತ್ತಿಲ್ಲ ಅಂತ ಯಾರಿಗೆ ಗೊತ್ತು? ‘ಅ... ಅಲ್ಲ... ನಿ... ನಿಜವಾಗ್ಲೂ... ನಂ... ನಂಗೆ...’ ಅಂದರು ಮೇಷ್ಟ್ರು. ಚಪ್ಪಾಳೆ! ಹಿಂದಿನಿಂದ ಯಾರೋ ‘ಒನ್ಸ್ ಮೋರ್!’ ಅಂತ ಕೂಗಿದರು. ಮುಂದಿನ ಸಾಲಿನ ಒಬ್ಬ ಕಣ್ಣೀರು ಒರೆಸಿಕೊಳ್ಳುತ್ತಾ ತನ್ನ ಫೋನು ತೆಗೆದ.

ಮೈಕು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಸಾಕಿತ್ತು, ನಾಲಿಗೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಆದರೆ ಐವತ್ತು ವರ್ಷ ಮೈಕನ್ನೇ ನಂಬಿ ಬದುಕಿದವರಿಗೆ ಗಾಬರಿಯಾದರೆ ಅದನ್ನು ಇನ್ನೂ ಗಟ್ಟಿಯಾಗಿ ಹಿಡಿಯುವುದೇ ಗೊತ್ತು. ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡರು. ಹಣೆಯ ಬೆವರು ಮೂಗಿಗಿಳಿಯಿತು. ನಾನ್ನೂರು ಜನ ನಗುವ ಸಭೆಯಲ್ಲಿ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಹೇಗಿರುತ್ತದೆ ಅಂತ ಅವರಿಗೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಮೈಕಕ್ಕನಿಗೆ ಅಯ್ಯೋ ಅನ್ನಿಸಲಿಲ್ಲವೇ ಅಂತ ಕೇಳಬೇಡಿ. ಇಲ್ಲ. ಸುಳ್ಳು ಯಾಕೆ ಹೇಳಲಿ? ಮೂವತ್ತೊಂದು ವರ್ಷದಲ್ಲಿ ಅಷ್ಟು ಸುಖ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಅವಳು ಎದ್ದಳು. ಗುಂಡಿ ಇದ್ದಲ್ಲೇ ಇರಲಿ ಅಂತ ಬಿಟ್ಟು ವೇದಿಕೆಯ ಮೆಟ್ಟಿಲು ಹತ್ತಿದಳು. ಮೈಕು ಸರಿಮಾಡಲು ಹೊರಟಳು ಅಂದುಕೊಂಡು ಮ್ಯಾನೇಜರ್ ದಾರಿ ಬಿಟ್ಟ. ಮೇಷ್ಟ್ರು ಮುಳುಗುವವರ ಹಾಗೆ ಅವಳ ಕಡೆ ನೋಡಿದರು. ಅವಳು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೈಕು ತಗೊಂಡಳು, ಸಭೆಯ ಕಡೆ ತಿರುಗಿದಳು. ಒಂದು ಉಸಿರು ಎಳೆದುಕೊಂಡಳು. ಬರದಿದ್ದರೆ? ಈ ನಾನ್ನೂರು ಜನರ ಮುಂದೆ ಮತ್ತೆ ‘ಸ್’ ಅಂತ ನಿಂತುಬಿಟ್ಟರೆ? ಬಾಯಿ ತೆಗೆದಳು.

‘ಸಭೆಯಲ್ಲಿ ನೆರೆದಿರುವ ಹಿರಿಯರಿಗೆ, ಗುರುಗಳಿಗೆ, ನನ್ನ ಜೊತೆಗಾರರಿಗೆ ವಂದನೆಗಳು.’

ಕಾಲಬುಡದಿಂದ ಅವಳ ಜೊತೆಗಾರ್ತಿ ಹಿಂದೆಯೇ ಬಂದಳು, ಅದೇ ಮಾತು ಹೇಳಿಕೊಂಡು. ಒಂದೂ ಅಕ್ಷರ ಸಿಕ್ಕಿಕೊಳ್ಳಲಿಲ್ಲ.

‘ಆ ಕುಕ್ಕರ್ ನಾನೇ. ಅವತ್ತು ಒಂದು ಸಾಲು ಉಳಿದುಹೋಗಿತ್ತು, ಈಗ ಹೇಳ್ತೀನಿ. ಈ ಪರದೆ ಹೊಲಿದುಕೊಟ್ಟ ನನ್ನ ಅಮ್ಮನಿಗೂ ವಂದನೆಗಳು.’

ಯಾವ ಪರದೆ ಅಂತ ಸಭೆಗೆ ಅರ್ಥವಾಗಲಿಲ್ಲ. ಮೂರನೇ ಸಾಲಿನ ಮುದುಕಿಗೆ ಅರ್ಥವಾಯಿತು. ಅವಳ ಕೈ ಬಾಯಿಗೆ ಹೋಯಿತು.

ಮೈಕಕ್ಕ ಮೇಷ್ಟ್ರ ಕಡೆ ತಿರುಗಿದಳು. ಮೈಕನ್ನು ಮಾತ್ರ ಬಾಯಿಂದ ಸರಿಸಲಿಲ್ಲ. ಅವರ ಬೆನ್ನು ತಟ್ಟಿದಳು, ಮೆತ್ತಗೆ, ಅವರು ಅವತ್ತು ತಟ್ಟಿದಷ್ಟೇ ಮೆತ್ತಗೆ.

‘ಮೂರು ವಿಸಿಲ್ ಆಯ್ತು ಸರ್. ಕೂತ್ಕೊಳ್ಳಿ. ಇದು ನಿಮ್ಮಿಂದ ಆಗೋ ಕೆಲಸ ಅಲ್ಲ.’

ಮೇಷ್ಟ್ರು ಕೂತರು. ಸಭೆಯಲ್ಲಿ ನಕ್ಕ ಬಾಯಿಗಳೆಲ್ಲ ಅರ್ಧ ತೆರೆದೇ ಉಳಿದಿದ್ದವು. ಆಗ ಮೂರನೇ ಸಾಲಿನಲ್ಲಿ ಒಬ್ಬಳೇ ಒಬ್ಬಳು ನಗಲು ಶುರುಮಾಡಿದಳು. ಮಂಡಿ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು, ಅಕ್ಕಪಕ್ಕದವರು ತಿರುಗಿ ನೋಡಿದರೂ ಬಿಡದೆ ಮೈಕಕ್ಕನ ಅಮ್ಮ ಜೋರಾಗಿ ನಕ್ಕಳು.